ಮೂರು ತುಂಬು, ಎರಡು ಬಿಡು

ಅಗ್ಗದ ಬೆನ್ನು ಹತ್ತಿದವನು ಕೊನೆಗೆ ದುಬಾರಿಯ ಬಾಗಿಲಿಗೇ ಬಂದು ನಿಲ್ಲುತ್ತಾನೆಂದು ಹಿರಿಯರು ಹೇಳುವುದುಂಟು. ನನ್ನ ಅನುಭವ ಇದಕ್ಕೆ ತೀರ ವಿರುದ್ಧವಾದುದು. ನಾನು ದುಬಾರಿಯಿಂದ ಹೊರಟು, ಅಗ್ಗವನ್ನು ಹುಡುಕುತ್ತ ಹುಡುಕುತ್ತ ಊರೆಲ್ಲ ಸುತ್ತಿ, ಕಡೆಗೆ ನನ್ನ ಮನೆಯ ಊಟದ ಮೇಜಿಗೇ ಬಂದು ತಲುಪಿದೆನು. ಈ ಸುತ್ತಾಟ ನಡೆದುದು 1986ರಲ್ಲಿ, ಅಮೆರಿಕದ ಶಿಕಾಗೊ ನಗರದ ಹೊರವಲಯದಲ್ಲಿ. ನಾನು ಹುಡುಕುತ್ತಿದ್ದ ವಸ್ತುವಾದರೋ ಚಿತ್ರ. ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಮನೆಯ ಕಂಪ್ಯೂಟರಿನೊಳಗೆ ಇಟ್ಟುಕೊಳ್ಳುವ ಚಿತ್ರ.

ಇದನ್ನು ಓದಿ ಇಂದಿನ ವಾಚಕರು ನಕ್ಕಾರು. ಕಿಸೆಯಲ್ಲಿರುವ ಫೋನನ್ನೆತ್ತಿ ಒಂದು ಸಲ ಒತ್ತಿದರೆ ಕೋಟಿಗೂ ಮಿಕ್ಕ ಚುಕ್ಕೆಗಳ ಚಿತ್ರ ಕ್ಷಣಾರ್ಧದಲ್ಲಿ ಸಿದ್ಧವಾಗುವ ಕಾಲವಿದು. ಗಣಪತಿ ಬೇಕೆಂದರೆ ಸಾವಿರ ಗಣಪತಿಗಳು ಪುಕ್ಕಟೆಯಾಗಿ ಸಾಲುಗಟ್ಟಿ ನಿಲ್ಲುತ್ತಾರೆ. ಆದರೆ ನಾನು ಹೇಳುತ್ತಿರುವ ಕಾಲದಲ್ಲಿ ಮನೆಯ ಕಂಪ್ಯೂಟರಿಗೆ ಕಣ್ಣೇ ಇರಲಿಲ್ಲ. ಹೊರಗಿನ ಚಿತ್ರವನ್ನು ನೋಡಿ ಒಳಗೆಳೆದುಕೊಳ್ಳುವ ಸಾಧನ ಸಾಮಾನ್ಯ ಸಂಸಾರಿಯ ಕೈಗೆ ಎಟುಕುವಂತಿರಲಿಲ್ಲ. ಯಾರಾದರೊಬ್ಬರು ಚುಕ್ಕೆ ಚುಕ್ಕೆಯಾಗಿ ಬರೆದು, ಫ್ಲಾಪಿಯಲ್ಲಿ ತುಂಬಿ, ಬೆಲೆ ಕಟ್ಟಿ ಮಾರಿದ ಚಿತ್ರಗಳೇ ನಮಗೆ ಗತಿಯಾಗಿದ್ದವು.

ನಮ್ಮ ಮನೆಗೆ ಬಂದ ಕಂಪ್ಯೂಟರು ಕಮೊಡೋರ್ 64 ಎಂಬುದು. 1982ರಲ್ಲಿ ಅದು ಮೊದಲು ಮಾರುಕಟ್ಟೆಗೆ ಬಂದಾಗ ಅದರ ಬೆಲೆ 595 ಡಾಲರು. ನನ್ನಂಥವನು ದೂರದಿಂದ ನೋಡಿ ಕೈಮುಗಿಯಬೇಕಾದ ಬೆಲೆ. ವರ್ಷ ಒಂದೆರಡು ಕಳೆಯುವುದರೊಳಗೆ ಅದು 200 ಡಾಲರಿನ ಆಸುಪಾಸಿಗೆ ಇಳಿಯಿತು. ಆಗ ನಾನೂ ಒಂದನ್ನು ಕೊಂಡೆನು. “ಮಗಳ ವಿದ್ಯಾಭ್ಯಾಸಕ್ಕೆ” ಎಂದು ಮನೆಯಲ್ಲಿ ಹೇಳಿದೆನು. ಎಲ್ಲ ತಂದೆಯರೂ ಹಾಗೆಯೇ ಹೇಳುತ್ತಿದ್ದರೆಂದು ಬಳಿಕ ತಿಳಿಯಿತು. ದಪ್ಪನೆಯ ಕಂದುಬಣ್ಣದ ಒಂದು ಕೀಲಿಮಣೆ. ಯಂತ್ರವೆಲ್ಲ ಅದರ ಹೊಟ್ಟೆಯಲ್ಲಿಯೇ. ಪರದೆಯೆಂದರೆ ಮನೆಯ ಟೆಲಿವಿಷನ್ನು. ಆ ಪರದೆಯ ಮೇಲೆ ಅಡ್ಡಕ್ಕೆ 320, ಉದ್ದಕ್ಕೆ 200, ಒಟ್ಟು 64,000 ಚುಕ್ಕೆಗಳನ್ನು ಹಚ್ಚಬಹುದಾಗಿತ್ತು. ಬಣ್ಣಗಳು ಹದಿನಾರು. ಅದರಲ್ಲಿಯೂ ಎಂಟೆಂಟು ಚುಕ್ಕೆಗಳ ಒಂದು ಚೌಕಕ್ಕೆ ಎರಡೇ ಬಣ್ಣವೆಂಬ ಕಟ್ಟಳೆ. ಇಷ್ಟು ಬಡತನದಲ್ಲಿ ಚಿತ್ರ ಬರೆಯುವುದೆಂದರೆ ಅಂಗೈಯಗಲದ ಅಂಗಳದಲ್ಲಿ ತೇರನ್ನೆಳೆಯುವಷ್ಟೇ ಕಷ್ಟ.

ಆ ವರ್ಷದ ಮೇ ತಿಂಗಳಲ್ಲಿ ಅವ್ವ ಧಾರವಾಡದಿಂದ ನಮ್ಮಲ್ಲಿಗೆ ಬಂದಿದ್ದಳು. ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ಮಾಳಮಡ್ಡಿಯ ಮನೆಯಲ್ಲಿ ಒಬ್ಬಳನ್ನೇ ಬಿಡಲಾರದೆ ನಾನೇ ಹೋಗಿ ಕರೆದುಕೊಂಡು ಬಂದೆನು. ಬಂದವಳಿಗೆ ಇಲ್ಲಿ ಕೊರತೆಯೇನೂ ಇರಲಿಲ್ಲ; ಕೆಲಸವೂ ಇರಲಿಲ್ಲ. ಅರಿವೆ ಒಗೆಯಲು ಯಂತ್ರ, ಪಾತ್ರೆ ತೊಳೆಯಲು ಯಂತ್ರ. ನನ್ನ ಹೆಂಡತಿ ಮೈಸೂರಿನವಳು. ಅತ್ತೆಯ ಮೇಲೆ ಅವಳಿಗೆ ಗೌರವ ಹೆಚ್ಚು, ಆದುದರಿಂದಲೇ ಒಂದು ಕಡ್ಡಿಯನ್ನೂ ಎತ್ತಿಡಲು ಬಿಡುತ್ತಿರಲಿಲ್ಲ. ಅರವತ್ತು ವರ್ಷ ಒಂದು ಗಳಿಗೆಯೂ ಸುಮ್ಮನಿರದಿದ್ದ ಎರಡು ಕೈಗಳು ಮಡಿಲಲ್ಲಿ ಬಿದ್ದುಕೊಂಡಿರುವುದನ್ನು ನೋಡಿದಾಗಲೆಲ್ಲ ನನಗೆ ಏನೋ ತಪ್ಪು ಮಾಡಿದಂತೆ ಅನಿಸುತ್ತಿತ್ತು.

ಮಗಳಿಗೆ ಆಗ ಒಂಬತ್ತು ವರ್ಷ. ಕನ್ನಡ ತಕ್ಕಮಟ್ಟಿಗೆ ತಿಳಿಯುತ್ತಿತ್ತು, ಆದರೆ ಉತ್ತರ ಬರುತ್ತಿದ್ದುದು ಇಂಗ್ಲಿಷಿನಲ್ಲಿ. ತಿಳಿಯುತ್ತಿದ್ದುದೂ ತಾಯಿಯ ಮೈಸೂರು ಕನ್ನಡ. ಅಜ್ಜಿಯ ಧಾರವಾಡದ ಮಾತು ಅವಳ ಕಿವಿಗೆ ಮತ್ತೊಂದು ಭಾಷೆಯೇ ಆಗಿತ್ತು. ಇಬ್ಬರ ನಡುವೆ ಪ್ರೀತಿಗೇನೂ ಕೊರತೆಯಿರಲಿಲ್ಲ. ಮಾತಿಗೆ ಮಾತ್ರ ದಾರಿಯಿರಲಿಲ್ಲ. ಅಜ್ಜಿ ಕರೆದು ತಲೆ ಸವರುವಳು, ಮೊಮ್ಮಗಳು ನಕ್ಕು ಓಡಿಹೋಗುವಳು. ಸಪ್ಟಂಬರಿನ ಒಂದು ರಾತ್ರಿ ಊಟವಾದ ಮೇಲೆ ಅವ್ವ ಮೆಲ್ಲಗೆ ಹೇಳಿದಳು: “ತಮ್ಮಾ, ಚಳಿ ಹತ್ತೂದರೊಳಗ ನನ್ನ ಊರಿಗೆ ಕಳಿಸಿಬಿಡು. ಇಲ್ಲಿ ಕೂತು ನಾ ಏನು ಮಾಡಲಿ?” ನನ್ನಲ್ಲಿ ಉತ್ತರವಿರಲಿಲ್ಲ. ನೋಡೋಣವೆಂದು ಹೇಳಿ ಮಾತನ್ನು ತೇಲಿಸಿದೆನು.

ಇಂಥ ಹೊತ್ತಿನಲ್ಲಿ ನಮ್ಮ ಊರಿನ ಕನ್ನಡ ಕೂಟದವರು ನನ್ನ ಕೊರಳಿಗೊಂದು ಗಂಟೆ ಕಟ್ಟಿದರು. ಆ ವರ್ಷ ದೀಪಾವಳಿಯೂ ನವಂಬರ ಒಂದನೆಯ ತಾರೀಖೂ ಹೆಚ್ಚುಕಡಿಮೆ ಒಟ್ಟಿಗೆ ಬಂದಿದ್ದವು. ಸಾಲದುದಕ್ಕೆ 1956ರಲ್ಲಿ ಕನ್ನಡ ನಾಡು ಒಂದಾಗಿ ಮೂವತ್ತು ವರ್ಷ ತುಂಬುತ್ತಿತ್ತು. ಹಬ್ಬ ಜೋರಾಗಿಯೇ ನಡೆಯಬೇಕು. ಆಮಂತ್ರಣ ಪತ್ರಿಕೆ ಸೊಗಸಾಗಿರಬೇಕು. “ನಿಮ್ಮ ಮನೆಯಲ್ಲಿ ಕಂಪ್ಯೂಟರಿದೆಯಲ್ಲ, ನೀವೇ ಮಾಡಿಕೊಡಿ” ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದರು. ಮೇಲೆ ಗಣಪತಿ, ಕೆಳಗೆ ದೀಪ, ನಡುವೆ ಒಕ್ಕಣೆ. ಎಲ್ಲ ಸೇರಿ ಖರ್ಚು ಮೂವತ್ತು ಡಾಲರನ್ನು ಮೀರಕೂಡದು.

ಒಕ್ಕಣೆಯ ಚಿಂತೆಯಿರಲಿಲ್ಲ. ನಮ್ಮ ಯಂತ್ರಕ್ಕೆ ಕನ್ನಡದ ಅಕ್ಷರಗಳು ಬಾರವು. ನನ್ನ ಹೆಂಡತಿಯ ಅಕ್ಷರ ಮುತ್ತಿನಂತಿದೆ. ಅವಳು ಬರೆದುದನ್ನು ಕತ್ತರಿಸಿ ಅಂಟಿಸಿದರಾಯಿತು. ಚಿತ್ರವೇ ತೊಡಕಿನ ಪ್ರಶ್ನೆ. 1984ರಲ್ಲಿ ಬ್ರೋಡರ್‌ಬಂಡ್ ಸಂಸ್ಥೆ ಹೊರತಂದ ‘ದಿ ಪ್ರಿಂಟ್ ಶಾಪ್’ ಎಂಬ ಸಾಧನ ಆಗ ಮನೆಮನೆಯಲ್ಲಿ ಜನಪ್ರಿಯವಾಗಿತ್ತು. ಅಂಚು, ಚಿತ್ರ, ಅಕ್ಷರಗಳನ್ನು ಆರಿಸಿಕೊಟ್ಟರೆ ಮನೆಯ ಮುದ್ರಣಯಂತ್ರದಿಂದಲೇ ಪತ್ರಿಕೆಯನ್ನು ಅಚ್ಚುಹಾಕಿಕೊಡುತ್ತಿತ್ತು. ಅದು ನನ್ನಲ್ಲಿತ್ತು. ಅದಕ್ಕೆ ಹೊಂದುವ ಹೆಚ್ಚಿನ ಚಿತ್ರಗಳ ಫ್ಲಾಪಿಗಳು ಅಂಗಡಿಯಲ್ಲಿ ಬೇರೆಯಾಗಿ ಸಿಗುತ್ತಿದ್ದವು. ಕೂಟದ ಹಣದಲ್ಲಿ 25 ಡಾಲರು ಕೊಟ್ಟು ಅಂಥದೊಂದನ್ನು ತಂದೆನು. ಮುಚ್ಚಳದ ಮೇಲೆ ‘ಹಬ್ಬಗಳು’ ಎಂದಿತ್ತು. ಹಬ್ಬವೆಂದ ಮೇಲೆ ಹಬ್ಬವೇ ಅಲ್ಲವೇ?

ಮನೆಯವರೆಲ್ಲ ಟೆಲಿವಿಷನ್ನಿನ ಮುಂದೆ ಕುಳಿತೆವು. ಒಂದೊಂದೇ ಚಿತ್ರ ಮೂಡತೊಡಗಿತು. ಕುಂಬಳಕಾಯಿಯಲ್ಲಿ ಕೆತ್ತಿದ ದೆವ್ವದ ಮುಖ, ನವಂಬರದಲ್ಲಿ ಅಮೆರಿಕದವರು ಕೊಯ್ದು ತಿನ್ನುವ ಟರ್ಕಿ ಕೋಳಿ, ಗಡ್ಡದ ಸಾಂಟಾ ಕ್ಲಾಸ್, ಬುಟ್ಟಿ ಹಿಡಿದ ಮೊಲ. ಬರೆದವರ ತಪ್ಪೇನಿಲ್ಲ, ಅವರ ಹಬ್ಬಗಳನ್ನು ಅವರು ಬರೆದಿದ್ದರು. ಗಣಪತಿಯಂತಿರಲಿ, ಒಂದು ಹಣತೆಯೂ ಅಲ್ಲಿರಲಿಲ್ಲ. ಹುಟ್ಟುಹಬ್ಬದ ಕೇಕಿನ ಮೇಲೆ ನಾಲ್ಕು ಮೇಣದ ಬತ್ತಿಗಳಿದ್ದವು. “ಕೇಕನ್ನು ಅಳಿಸಿದರೆ ದೀಪಾವಳಿಯಾಗುತ್ತದೆ” ಎಂದು ಹೆಂಡತಿ ಚುಚ್ಚಿದಳು. ಅವ್ವ ಬೆಲೆ ಕೇಳಿದಳು. ಆಗ ಡಾಲರಿಗೆ ಸುಮಾರು ಹನ್ನೆರಡೂವರೆ ರೂಪಾಯಿ. ಮನಸ್ಸಿನಲ್ಲಿಯೇ ಗುಣಿಸಿ, “ಮುನ್ನೂರು ರೂಪಾಯಿ! ಆ ರೊಕ್ಕದಾಗ ಒಂದು ಇರಕಲ್ ಸೀರಿ ಬರತಿತ್ತಲ್ಲೋ” ಎಂದಳು.

ಹೀಗೆ ದುಬಾರಿಯ ದಾರಿ ಮುಗಿಯಿತು. ಕೈಯಲ್ಲಿ ಉಳಿದುದು ಐದು ಡಾಲರು. ಅಗ್ಗದ ದಾರಿ ಅಲ್ಲಿಂದ ಮೊದಲಾಯಿತು.

ಮೊದಲು ಮಾಸಪತ್ರಿಕೆಗಳನ್ನು ಹುಡುಕಿದೆನು. ‘ಕಂಪ್ಯೂಟ್ಸ್ ಗೆಜೆಟ್’ ಎಂಬುದೊಂದು ಪತ್ರಿಕೆ 1983ರಿಂದ ಹೊರಡುತ್ತಿತ್ತು. ಅದರಲ್ಲಿ ಪುಟಗಟ್ಟಲೆ ಅಂಕಿಗಳನ್ನು ಅಚ್ಚುಹಾಕಿರುತ್ತಿದ್ದರು. ಓದುಗರು ಅವನ್ನು ಒಂದೊಂದಾಗಿ ಕೀಲಿಮಣೆಯಲ್ಲಿ ಒತ್ತಿದರೆ ಆಟವೋ ಚಿತ್ರವೋ ಸಿದ್ಧವಾಗುವುದು. ನಮ್ಮ ಯಂತ್ರದಲ್ಲಿ ಓಡಾಡುವ ಒಂದು ಪುಟ್ಟ ಗೊಂಬೆಗೆ ಅಡ್ಡ 24, ಉದ್ದ 21 ಚುಕ್ಕೆಗಳು. ಎಂಟು ಚುಕ್ಕೆಗಳಿಗೆ ಒಂದು ಅಂಕಿಯಂತೆ 63 ಅಂಕಿಗಳನ್ನು ಕೊಟ್ಟರೆ ಗೊಂಬೆ ಎದ್ದು ನಿಲ್ಲುವುದು. ಒಂದು ಅಂಕಿ ತಪ್ಪಿದರೆ ಮೂಗಿನ ಜಾಗದಲ್ಲಿ ಕೊಂಬು. ನಾನು ಅಂಕಿ ಒತ್ತುವುದನ್ನು ಅವ್ವ ಬಹಳ ಹೊತ್ತು ನೋಡಿ, “ಇದು ಚಿತ್ರಾನೋ, ಮಗ್ಗಿ ಪುಸ್ತಕಾನೋ?” ಎಂದು ಕೇಳಿದಳು. ನಾನು ನಕ್ಕುಬಿಟ್ಟೆನು. ಆ ಪ್ರಶ್ನೆಯಲ್ಲಿಯೇ ಉತ್ತರವಿತ್ತೆಂದು ನನಗೆ ಆಗ ಹೊಳೆಯಲಿಲ್ಲ.

ಎರಡನೆಯದು ಟೆಲಿಫೋನಿನ ದಾರಿ. ಶಿಕಾಗೊದವರಿಗೆ ಇದರಲ್ಲಿ ಒಂದು ಹೆಮ್ಮೆಯುಂಟು. 1978ರ ಜನವರಿಯ ಭಾರೀ ಹಿಮಪಾತದಲ್ಲಿ ಮನೆಯಿಂದ ಹೊರಬೀಳಲಾರದೆ ಕುಳಿತ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ್‍ಯಾಂಡಿ ಸ್ವೆಸ್ ಎಂಬ ಇಬ್ಬರು ಮಿತ್ರರು, ಟೆಲಿಫೋನಿನ ಮೂಲಕ ಕಂಪ್ಯೂಟರಿಗೆ ಕಂಪ್ಯೂಟರು ಓಲೆ ಬಿಡುವ ಒಂದು ಸೂಚನಾಫಲಕವನ್ನು ಕಲ್ಪಿಸಿದರು. ಆ ಬಗೆಯಲ್ಲಿ ಅದೇ ಮೊದಲನೆಯದು. ಫೆಬ್ರುವರಿಯಲ್ಲಿ ಅದು ಕೆಲಸ ಆರಂಭಿಸಿತು. 1986ರ ಹೊತ್ತಿಗೆ ಇಂಥ ಫಲಕಗಳು ಊರೂರಿಗೂ ಹುಟ್ಟಿಕೊಂಡಿದ್ದವು. ಜನರು ತಾವು ಬರೆದ ಚಿತ್ರಗಳನ್ನು ಅಲ್ಲಿ ಇಟ್ಟಿರುತ್ತಿದ್ದರು. ನನ್ನ ಬಳಿಯಿದ್ದ ಸಂಪರ್ಕಸಾಧನ ಸೆಕೆಂಡಿಗೆ ಸುಮಾರು ಮೂವತ್ತು ಅಕ್ಷರಗಳನ್ನು ಸಾಗಿಸುವಂಥದು. ತೆರೆ ತುಂಬುವ ಬಣ್ಣದ ಚಿತ್ರವೆಂದರೆ ಒಂಬತ್ತು ಸಾವಿರ ಅಕ್ಷರಗಳ ಭಾರ. ಇಳಿಸಿಕೊಳ್ಳಲು ಐದು ನಿಮಿಷ. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಫೋನು ಮುಟ್ಟಕೂಡದು. ಹಾಗೆ ಉಸಿರು ಬಿಗಿಹಿಡಿದು ನಾನು ಇಳಿಸಿಕೊಂಡ ಚಿತ್ರಗಳೆಂದರೆ ಆಕಾಶನೌಕೆಗಳು, ಖಡ್ಗ ಹಿಡಿದ ವೀರರು, ಒಂದು ಬೆಕ್ಕು. ನಾಲ್ಕನೆಯ ನಿಮಿಷದಲ್ಲಿ ಹೆಂಡತಿಯ ಗೆಳತಿಗೆ ಫೋನು ಮಾಡುವ ಅವಸರವೊದಗಿ ಬೆಕ್ಕಿನ ಬಾಲ ಬರಲಿಲ್ಲ.

ಮೂರನೆಯ ದಾರಿ ಬಡವರ ದಾರಿ. ಅಡಿಗೆಮನೆಯಲ್ಲಿ ಪಾತ್ರೆ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಪುಸ್ತಕದ ಚಿತ್ರವನ್ನು ಶಾಯಿಯಿಂದ ತಿದ್ದಿಕೊಂಡು, ಅದನ್ನು ಟೆಲಿವಿಷನ್ನಿನ ಗಾಜಿಗೆ ಅಂಟಿಸಿ, ಅದರ ಗೆರೆಯ ಹಿಂದೆಯೇ ಚುಕ್ಕೆಯನ್ನು ಓಡಿಸುತ್ತ ಬರೆಯುವುದು. ಅನೇಕರು ಹೀಗೆ ಮಾಡುತ್ತಿದ್ದರು. ನಾನೂ ದಿನದರ್ಶಿಕೆಯ ಗಣಪತಿಯನ್ನು ಹೀಗೆ ಏರಿಸಿದೆನು. ಸೊಂಡಿಲು ನುಣುಪಾಗಿ ಬಾಗುವುದಕ್ಕೆ ಬದಲು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಅವ್ವ ಕೈಮುಗಿದಳು, ಆದರೆ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದರೆ ಅದು ಚೆನ್ನಾಗಿಲ್ಲವೆಂದೇ ಅರ್ಥ.

ಕೊನೆಗೆ ಉಳಿದುದು ಕಂಪ್ಯೂಟರಿಟ್ಟುಕೊಂಡವರ ಸಂಘ. ನಮ್ಮ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಅವರು ಸೇರುತ್ತಿದ್ದರು. ಇಂಥ ಸಂಘಗಳು ಆಗ ದೇಶದ ತುಂಬ ಇದ್ದವು. ಕೆನಡಾದ ಟೊರಾಂಟೊದಲ್ಲಿಯೂ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿಯೂ ಇದ್ದ ಸಂಘಗಳಂತೂ ದೊಡ್ಡ ಭಂಡಾರಗಳನ್ನೇ ಕೂಡಿಹಾಕಿದ್ದವು. ಬರೆದವರು ತಾವಾಗಿ ‘ಎಲ್ಲರೂ ಬಳಸಿಕೊಳ್ಳಿ’ ಎಂದು ಬಿಟ್ಟುಕೊಟ್ಟ ಚಿತ್ರಗಳನ್ನೂ ಆಟಗಳನ್ನೂ ಫ್ಲಾಪಿಗೆ ತುಂಬಿ ಎರಡು ಮೂರು ಡಾಲರಿಗೆ ಕೊಡುವುದು ಅವುಗಳ ಪದ್ಧತಿ. ಅಲ್ಲಿ ಮಿತವ್ಯಯದ ವಿದ್ಯೆಗಳೂ ಕಲಿಯಲು ಸಿಕ್ಕುತ್ತಿದ್ದವು. ಒಂದು ಮಗ್ಗುಲು ಮಾತ್ರ ಬಳಸುವ ಫ್ಲಾಪಿಯ ಅಂಚಿನಲ್ಲಿ ಕತ್ತರಿಯಿಂದ ಒಂದು ಕಚ್ಚು ಮಾಡಿ ತಿರುವಿಹಾಕಿದರೆ ಎರಡನೆಯ ಮಗ್ಗುಲೂ ದಕ್ಕುವುದು. ನಾನು ಹೋದ ದಿನ ಒಬ್ಬ ಮಹಾಶಯರು ನನ್ನನ್ನು ಪಕ್ಕಕ್ಕೆ ಕರೆದು, “ಅಂಗಡಿಯ ಚಿತ್ರಗಳಿಗೆ ಹಣವೇಕೆ ಸುರಿಯುತ್ತೀರಿ? ಖಾಲಿ ಫ್ಲಾಪಿ ತನ್ನಿ, ನನ್ನಲ್ಲಿರುವುದನ್ನೆಲ್ಲ ಇಳಿಸಿಕೊಡುತ್ತೇನೆ” ಎಂದರು. ಅವೆಲ್ಲ ಮಾರಾಟದ ಸರಕಿನ ಕಳ್ಳನಕಲುಗಳೆಂಬುದು ನನಗೆ ತಿಳಿಯದೆ ಇರಲಿಲ್ಲ. ಆದರೂ ಒಂದು ಖಾಲಿ ಫ್ಲಾಪಿಯನ್ನು ಕೊಟ್ಟು, ತುಂಬಿದ ಫ್ಲಾಪಿಯನ್ನು ಕಿಸೆಗೆ ಹಾಕಿಕೊಂಡು ಮನೆಗೆ ಬಂದೆನು.

ಆ ರಾತ್ರಿ ಅವ್ವ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡಳು. “ಇದನ್ನ ಬರದಾವರಿಗೆ ಗೊತ್ತದ ಏನೋ, ನೀ ತಂದದ್ದು?” ಎಂದು ಕೇಳಿದಳು. ಗೊತ್ತಿಲ್ಲವೆಂದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನಮ್ಮ ಓಣ್ಯಾಗ ಯಾರದರ ಸೀರಿ ಮ್ಯಾಲಿನ ಕಸೂತಿ ಛಂದ ಕಂಡರ, ಅವರ ಮನೀಗೆ ಹೋಗಿ, ಕೇಳಿ, ಎಣಿಸಿಕೊಂಡು ಬರತಿದ್ವಿ. ಕೇಳಿದರ ಯಾರೂ ಒಲ್ಲೆ ಅಂತಿದ್ದಿಲ್ಲ. ಆದರ ಬರೇ ಕೈಲೆ ಹೋಗತಿದ್ದಿಲ್ಲ. ನಮ್ಮದೊಂದು ಎಣಿಕಿ ಅವರಿಗೆ ಕೊಟ್ಟು ಬರತಿದ್ವಿ.” ಅದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಆದರೆ ಅದಕ್ಕಿಂತಲೂ ಹೆಚ್ಚಾಗಿ ಒಂದು ಶಬ್ದ ನನ್ನನ್ನು ಹಿಡಿದು ನಿಲ್ಲಿಸಿತು. ಎಣಿಕೆ!

ಧಾರವಾಡದ ಕಡೆಯ ಕಸೂತಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅರಿವೆಯ ಮೇಲೆ ಮೊದಲು ಗೆರೆ ಬರೆದುಕೊಂಡು ಹೊಲಿಯುವ ಕೆಲಸವಲ್ಲ ಅದು. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಎಣಿಸುತ್ತ ಸೂಜಿಯಾಡಿಸಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ, ಪಲ್ಲಕ್ಕಿ ಎಂದು ಹತ್ತಾರು ಆಕಾರ. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿಯೂ ಮುರ್ಗಿಯಲ್ಲಿಯೂ ಮುಂದೆ ಹೇಗೋ ಹಿಂದೆಯೂ ಹಾಗೆಯೇ ಕಾಣಬೇಕು. ಎಳೆಯೊಂದು ತಪ್ಪಿದರೆ ಆನೆಯ ಕಾಲು ಮುರಿಯಿತೆಂದೇ ಲೆಕ್ಕ. ಹಿಂದೆ ಮದುಮಗಳಿಗೆ ಕೊಡುತ್ತಿದ್ದ ಕಪ್ಪು ರೇಶಿಮೆಯ ಚಂದ್ರಕಾಳಿ ಸೀರೆಯ ಮೇಲೆಲ್ಲ ಇದೇ ಎಣಿಕೆಯ ವಿದ್ಯೆ. ಅವ್ವ ಅದರಲ್ಲಿ ಹೆಸರಾದವಳು. ಅವಳ ಟ್ರಂಕಿನ ತಳದಲ್ಲಿ ಮದುವೆಗೆ ಮುಂಚಿನ ಮಾದರಿಬಟ್ಟೆಯೊಂದು ಮಡಿಸಿಟ್ಟಿತ್ತು. ಅಪ್ಪ ಹೋದಂದಿನಿಂದ ಅವಳು ಸೂಜಿ ಮುಟ್ಟಿರಲಿಲ್ಲ. ಕಣ್ಣು ಮಂಜಾಗಿದೆಯೆಂದು ನೆವ ಹೇಳುತ್ತಿದ್ದಳು.

ಮರುದಿನ ಮಗಳ ಶಾಲೆಯ ಚೌಕಳಿ ಹಾಳೆಗಳನ್ನು ಅವಳ ಮುಂದಿಟ್ಟೆನು. ದೊಡ್ಡ ದೊಡ್ಡ ಮನೆಗಳಿದ್ದ ಹಾಳೆ, ಮಂಜುಗಣ್ಣಿಗೂ ಕಾಣುವಂಥದು. ನಮ್ಮ ಸಾಧನದ ಒಂದು ಚಿತ್ರಕ್ಕೆ ಅಡ್ಡ 88 ಮನೆ, ಉದ್ದ 52 ಸಾಲು. ತುಂಬಿದ ಮನೆ ಕಪ್ಪು, ಬಿಟ್ಟ ಮನೆ ಬಿಳಿ. ಬೇರೆ ಯಾವ ಮಾಯೆಯೂ ಇಲ್ಲ. “ಇಷ್ಟರಾಗ ಗಣಪ್ಪ ಕೂಡತಾನೇನು, ಅವ್ವಾ?” ಎಂದು ಕೇಳಿದೆನು. ಹಾಳೆಯ ಮೇಲೆ ಬೆರಳಾಡಿಸಿ ಹೇಳಿದಳು: “ಗಣಪ್ಪ ದುಂಡಗಿನ ದೇವರು; ಎಣಿಕಿಗೆ ಒಗ್ಗೂದಿಲ್ಲ. ತೇರು ಹಾಕೋಣು. ಎರಡೂ ಕಡೆ ಒಂದು ಪಣತಿ ಇಟ್ಟರ ದೀಪಾವಳಿನೂ ಆತು.” ಆ ಬಳಿಕ ಟೆಲಿವಿಷನ್ನಿನ ಹಿಂದಕ್ಕೆ ಹೋಗಿ ಇಣಿಕಿ ನೋಡಿ, “ಹಿಂದ ಹ್ಯಾಂಗ ಕಾಣತದ?” ಎಂದು ಕೇಳಿದಳು. ಹಿಂದೆ ಏನೂ ಕಾಣುವುದಿಲ್ಲವೆಂದು ಹೇಳಿದಾಗ, ಈ ವಿದ್ಯೆಯ ಮೇಲಿದ್ದ ಅವಳ ಗೌರವ ಸ್ವಲ್ಪ ಕಡಿಮೆಯಾಯಿತೆಂದೇ ನನ್ನ ಗುಮಾನಿ.

ಟ್ರಂಕಿನ ತಳದಿಂದ ಮಾದರಿಬಟ್ಟೆ ಹೊರಬಂದಿತು. ಒಂಬತ್ತು ಸಂಜೆ ಅವ್ವ ಪೆನ್ಸಿಲು ಹಿಡಿದು ಕುಳಿತಳು. ಒಂದು ಹಾಳೆ ಸಾಲದೆ ನಾಲ್ಕನ್ನು ಅಂಟಿಸಿದೆವು. ಬಟ್ಟೆಯ ತೇರಿನಲ್ಲಿ ಗೆರೆಯಾಗಿದ್ದುದು ಹಾಳೆಯಲ್ಲಿ ಮನೆಗಳಾಗಬೇಕು. ಎಷ್ಟೋ ಸಲ ಅಳಿಸಿದಳು, ಎಷ್ಟೋ ಸಲ ಬೈದುಕೊಂಡಳು. ಹತ್ತನೆಯ ಸಂಜೆ ಅದನ್ನು ಯಂತ್ರಕ್ಕೆ ಏರಿಸುವ ಕೆಲಸ. ನಾನು ಕಾರಖಾನೆಯಿಂದ ಬರುವುದು ತಡವಾಗಿತ್ತು. ಬಂದು ಬಾಗಿಲು ತೆರೆದಾಗ ಒಳಗಿನಿಂದ ಕೇಳಿದ ಮಾತನ್ನು ನಾನು ಈ ಹೊತ್ತಿಗೂ ಮರೆತಿಲ್ಲ.

“ನಲವತ್ತಮೂರು ಬಿಡು. ಎರಡು ತುಂಬು. ಮತ್ತ ನಲವತ್ತಮೂರು ಬಿಡು.”

“ನಲವತ್ತಮೂರು ಅಂದ್ರೆ?”

“ನಾಕು ಹತ್ತು, ಮ್ಯಾಲ ಮೂರು.”

“ಓ! ನಲವತ್ತ-ಮೂರು.”

ಅಜ್ಜಿ ಹಾಳೆ ಹಿಡಿದು ಕೂತಿದ್ದಳು. ಮೊಮ್ಮಗಳು ಕೀಲಿಮಣೆಯ ಮುಂದಿದ್ದಳು. ಅದು ತೇರಿನ ತುದಿಯ ಕಲಶದ ಸಾಲು. ಹತ್ತರಾಚೆ ಕನ್ನಡದ ಅಂಕಿಗಳನ್ನೇ ಅರಿಯದಿದ್ದ ಹುಡುಗಿ ಆ ವಾರದಲ್ಲಿ ಎಂಬತ್ತೆಂಟರವರೆಗೆ ಕಲಿತಳು. ಮೂರು ತುಂಬು, ಎರಡು ಬಿಡು. ಆರು ತುಂಬು, ಒಂದು ಬಿಡು. ಇಬ್ಬರ ನಡುವೆ ಇಲ್ಲದಿದ್ದ ದಾರಿಯನ್ನು ಅವರು ಒಂದೊಂದೇ ಮನೆಯಾಗಿ ಕಟ್ಟಿಕೊಳ್ಳುತ್ತಿದ್ದರು. ನಾನು ಕೋಟನ್ನೂ ಕಳಚದೆ ಬಾಗಿಲಲ್ಲಿಯೇ ನಿಂತೆನು. ಹೆಂಡತಿ ಅಡಿಗೆಮನೆಯಿಂದ ಬಂದವಳು ಬೆರಳನ್ನು ತುಟಿಗಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿದಳು.

ಐವತ್ತೆರಡು ಸಾಲು ಮುಗಿದು ತೇರು ಪರದೆಯ ಮೇಲೆ ನಿಂತಾಗ, ಎಡಗಡೆಯ ಗಾಲಿಯಲ್ಲಿ ಒಂದು ಚುಕ್ಕೆ ಇಲ್ಲದಿರುವುದು ಕಣ್ಣಿಗೆ ಬಿತ್ತು. ಎಣಿಕೆಯಲ್ಲಿ ಎಲ್ಲಿಯೋ ಮಗಳ ಬೆರಳು ತಪ್ಪಿತ್ತು. ಅವಳ ಮುಖ ಸಣ್ಣದಾಯಿತು. ನಾನು ತಿದ್ದಹೋದೆನು. ಅವ್ವ ಕೈ ಹಿಡಿದು ನಿಲ್ಲಿಸಿದಳು: “ಇರಲಿ ಬಿಡು. ದೃಷ್ಟಿ ಆಗೂದಿಲ್ಲ.” ಮಗುವಿನ ಗಲ್ಲಕ್ಕೆ ಕಪ್ಪು ಚುಕ್ಕೆಯಿಡುತ್ತಾರೆ, ನಮ್ಮ ತೇರಿಗೆ ಬಿಳಿಯ ಚುಕ್ಕೆ.

ನಮ್ಮ ಮುದ್ರಣಯಂತ್ರ ಸೂಜಿಯಿಂದ ಕುಟ್ಟಿದಂತೆ ಕಿರ್‍ರೆನ್ನುತ್ತ ಒಂದು ಪ್ರತಿ ತೆಗೆಯಿತು. ಅಕ್ಷರ ಅಂಟಿಸಿ, ಪ್ರತಿಗೆ ಐದು ಸೆಂಟಿನಂತೆ ಎಪ್ಪತ್ತು ಪ್ರತಿಗಳನ್ನು ತೆಗೆಸಿದೆನು. ಕೂಟದ ಲೆಕ್ಕದಲ್ಲಿ ಇನ್ನೂ ಒಂದೂವರೆ ಡಾಲರು ಉಳಿಯಿತು. ಅಧ್ಯಕ್ಷರು ಪತ್ರಿಕೆಯನ್ನು ತಿರುವಿ ತಿರುವಿ ನೋಡಿ, ಗಣಪತಿಯೆಲ್ಲಿ ಎಂದು ಕೇಳಿದರು. ತೇರಿನೊಳಗಿದ್ದಾನೆ, ಪರದೆ ಹಾಕಿದೆ ಎಂದು ನನ್ನ ಹೆಂಡತಿ ಉತ್ತರ ಕೊಟ್ಟಳು. ಹಬ್ಬದ ದಿನ ಧಾರವಾಡ, ಬಿಜಾಪುರದ ಕಡೆಯ ಹೆಂಗಸರು ನಾಲ್ಕಾರು ಜನ ಪತ್ರಿಕೆಯನ್ನು ಹಿಡಿದುಕೊಂಡು, ಇದು ಯಾರ ಕೈಯ ಎಣಿಕೆಯೆಂದು ಕೇಳುತ್ತ ಅವ್ವನನ್ನು ಹುಡುಕಿಕೊಂಡು ಬಂದರು. ಆ ಸಂಜೆ ಅವಳು ಕುರ್ಚಿಯಲ್ಲಿ ಕುಳಿತ ಠೀವಿಯನ್ನು ನೀವು ನೋಡಬೇಕಾಗಿತ್ತು. ಡಿಸೆಂಬರದ ಮಾತನ್ನು ಮುಂದೆ ಯಾರೂ ಎತ್ತಲಿಲ್ಲ. ಅವಳು ಊರಿಗೆ ಹೊರಟುದು ಮರುವರ್ಷದ ಯುಗಾದಿ ಕಳೆದ ಮೇಲೆ.

ಕಿಸೆಯಲ್ಲಿ ತಂದ ಆ ಫ್ಲಾಪಿಯ ಮಾತು ಉಳಿಯಿತು. ಅದನ್ನು ಅಳಿಸಿ, ತೇರು, ಆನೆ, ತುಳಸಿಕಟ್ಟೆ, ಗೋಪುರ, ಹಣತೆ ಎಂಬ ನಮ್ಮ ಐದು ಚಿತ್ರಗಳನ್ನು ಅದರಲ್ಲಿ ತುಂಬಿ, ಸಂಘದ ಭಂಡಾರಕ್ಕೆ ಕೊಟ್ಟೆನು. ಯಾರು ಬೇಕಾದರೂ ಬಳಸಲೆಂದು ಬರೆದುಕೊಟ್ಟೆನು. ಅಲ್ಲಿಂದ ಬೇರೆಯವರ ಚಿತ್ರಗಳ ಫ್ಲಾಪಿಯೊಂದನ್ನು ಮೂರು ಡಾಲರಿಗೆ ತಂದೆನು. ಎಣಿಕೆ ಕೊಟ್ಟು ಎಣಿಕೆ ತಂದಂತಾಯಿತೆಂದು ಅವ್ವ ಒಪ್ಪಿದಳು.

ಎರಡು ವರ್ಷಗಳ ಬಳಿಕ, 1988ರಲ್ಲಿ, ಡೆವಾನ್ ಅವೆನ್ಯೂದಲ್ಲಿ ಬೇಳೆ ಕೊಳ್ಳಲು ಹೋಗಿದ್ದೆನು. ನಮ್ಮವರ ಅಂಗಡಿಗಳೆಲ್ಲ ಸಾಲಾಗಿರುವ ಬೀದಿ ಅದು. ಒಂದು ಅಂಗಡಿಯ ಗಾಜಿಗೆ ಯಾವುದೋ ಗುಜರಾತಿ ಸಮಾಜದ ಪ್ರಕಟಣೆಯನ್ನು ಅಂಟಿಸಿದ್ದರು. ಅದರ ತಲೆಯ ಮೇಲೆ ಒಂದು ತೇರು. ಹತ್ತಿರ ಹೋಗಿ ನೋಡಿದೆನು. ಎಡಗಡೆಯ ಗಾಲಿಯಲ್ಲಿ ಒಂದು ಚುಕ್ಕೆ ಇರಲಿಲ್ಲ. ಬೇಳೆಯನ್ನು ಮರೆತು ಮನೆಗೆ ಬಂದು ಅವ್ವನಿಗೆ ಕಾಗದ ಬರೆದೆನು. “ಕೇಳಿ ತೊಗೊಂಡಾರೇನು?” ಎಂದು ಉತ್ತರ ಬಂದಿತು. ಕೇಳಬೇಕಾದ ಕಾರಣವಿಲ್ಲ, ಅದು ಈಗ ಎಲ್ಲರದು ಎಂದು ಮರಳಿ ಬರೆದೆನು. ಅದಕ್ಕೆ ಅವಳು, ಹಾಗಾದರೆ ಅವರಿಂದ ಒಂದು ಎಣಿಕೆ ಕೇಳಿ ಕಳಿಸು ಎಂದಳು.

ಅವ್ವ ಈಗಿಲ್ಲ. ಆ ಯಂತ್ರ ಕೋಟಿಗೂ ಮಿಕ್ಕು ಮಾರಾಟವಾಯಿತು. ಅದನ್ನು ತಯಾರಿಸಿದ ಸಂಸ್ಥೆಯಾದರೋ 1994ರಲ್ಲಿ ದಿವಾಳಿಯೆದ್ದಿತು. ಮನೆಯ ಅಟ್ಟದಲ್ಲಿದ್ದ ಫ್ಲಾಪಿಗಳನ್ನು ಕಳೆದ ವರ್ಷ ಮಗಳು ಇಳಿಸಿ ಓದಿಸಹೋದಳು. ಮೂವತ್ತೈದು ವರ್ಷಕ್ಕೂ ಮಿಕ್ಕ ಧೂಳು, ಶೆಕೆ, ಚಳಿಗಳಲ್ಲಿ ಅವುಗಳ ಮೇಲಿನ ಬರಹ ಮಾಸಿಹೋಗಿತ್ತು. ಆದರೆ ಅದೇ ಪೆಟ್ಟಿಗೆಯಲ್ಲಿ ನಾಲ್ಕು ಹಾಳೆ ಅಂಟಿಸಿದ ಪೆನ್ಸಿಲಿನ ತೇರು ಮಡಿಕೆ ಮಡಿಕೆಯಾಗಿ ಉಳಿದುಕೊಂಡಿತ್ತು. ಮಾದರಿಬಟ್ಟೆ ಎಂದಿನಿಂದಲೋ ಮಗಳ ಬೀರುವಿನಲ್ಲಿದೆ. ಅದರ ಒಂದೆಳೆಯೂ ಸಡಿಲಿಲ್ಲ.

ಹಳೆಯ ಕಮೊಡೋರನ್ನು ಇಂದಿನ ಕಂಪ್ಯೂಟರಿನೊಳಗೆ ಅನುಕರಿಸುವ ಸಾಧನಗಳು ಈಗ ಪುಕ್ಕಟೆಯಾಗಿ ದೊರೆಯುತ್ತವೆ. ಮಗಳು ಅಂಥದೊಂದನ್ನು ತೆರೆದು ತನ್ನ ಮಗನನ್ನು ಕೂಡಿಸಿದಳು. ಅವನಿಗೆ ಹನ್ನೊಂದು ವರ್ಷ. ಕ್ಯಾಮೆರಾದಿಂದ ಒಂದು ಚಿತ್ರ ತೆಗೆದರೆ ಮುಗಿಯಿತಲ್ಲ ಎಂದು ಅವನ ವಾದ. “ಸುಮ್ಮನೆ ಕೂಡು” ಎಂದು ಅವಳು ಹಾಳೆ ಹಿಡಿದಳು. “ನಲವತ್ತಮೂರು ಬಿಡು, ಎರಡು ತುಂಬು.” ಅಮೆರಿಕದಲ್ಲಿಯೇ ಹುಟ್ಟಿ ಬೆಳೆದ ನನ್ನ ಮಗಳ ಬಾಯಲ್ಲಿ ಅಂಕಿಗಳು ಮಾತ್ರ ಧಾರವಾಡದ ರಾಗದಲ್ಲಿಯೇ ಬರುತ್ತವೆ. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದೆನು.

ಸಾಲುಗಳು ಒಂದೊಂದಾಗಿ ಇಳಿದವು. ಗಾಲಿಯ ಸಾಲು ಬಂದಿತು. ಹಾಳೆಯಲ್ಲಿ ಆ ಮನೆ ತುಂಬಿದೆ. ಅವ್ವ ಅದನ್ನು ಸರಿಯಾಗಿಯೇ ಬರೆದಿದ್ದಳು. ಹುಡುಗನೂ ಹಾಳೆಯನ್ನು ಇಣಿಕಿ ನೋಡಿ ಬೆರಳನ್ನು ಕೀಲಿಯ ಮೇಲಿಟ್ಟನು.

“ಅಲ್ಲಿ ಒಂದು ಬಿಡು” ಎಂದಳು ಮಗಳು.